ಬೆಂಕಿ ಹೊರಗೆ, ಬಿಸಿ ಒಳಗೆ: ಶಿಡ್ಲಘಟ್ಟದ ಒಂದು ಹುಳು ಮನೆಯ ಪ್ರಕರಣ

ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ವಾಸದ ಮನೆಯಿಂದ ಸ್ವಲ್ಪ ದೂರದಲ್ಲಿ, ಹಿಪ್ಪುನೇರಳೆ ತೋಟದ ಅಂಚಿಗೆ ಒಂಟಿಯಾಗಿ ನಿಂತ ರೇಷ್ಮೆ ಹುಳು ಮನೆ. ಉದ್ದ 40 ಅಡಿ, ಅಗಲ 20 ಅಡಿ, ಎತ್ತರ ಸರಾಸರಿ 10 ಅಡಿ. ಆರು ಇಂಚಿನ ಸಿಮೆಂಟ್ ಬ್ಲಾಕ್ ಗೋಡೆ, ಮೇಲೆ ಸಿಮೆಂಟ್ ಶೀಟು. ಹುಳುವಿನ ಮೇಲೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಊಜಿ ನೊಣ ನುಗ್ಗದ ಹಾಗೆ ಕಿಟಕಿಗಳಿಗೆಲ್ಲ ನೈಲಾನ್ ಬಲೆ. ಒಳಗೆ ಮೂರು ಅಂತಸ್ತಿನ ಸ್ಟ್ಯಾಂಡುಗಳು, ಕೊಂಬೆ ಪದ್ಧತಿಯ ಸಾಕಾಣಿಕೆ. ಮುಂಭಾಗಕ್ಕೆ ಅಂಟಿಕೊಂಡಂತೆ ಒಂದು ಚಿಕ್ಕ ಕೋಣೆ. ನಕ್ಷೆಯಲ್ಲಿ ಅದು ಸೊಪ್ಪಿನ ಕೋಣೆ, ನಿಜದಲ್ಲಿ ಗ್ಯಾರೇಜು. ಒಂದು ಸ್ಕೂಟರ್, ಪೆಟ್ರೋಲ್ ಸ್ಪ್ರೇಯರ್, ಕಳೆ ಕೊಚ್ಚುವ ಯಂತ್ರ, ಪೆಟ್ರೋಲ್ ಕ್ಯಾನು, ಬ್ಲೀಚಿಂಗ್ ಪೌಡರ್ ಚೀಲ, ಫಾರ್ಮಲಿನ್ ಕ್ಯಾನು ಎಲ್ಲವೂ ಅಲ್ಲೇ.

ಕಟ್ಟಡಗಳ ಬಿಸಿ, ತಂಪು, ಗಾಳಿಯ ಲೆಕ್ಕ ನೋಡುವುದು ನನ್ನ ಕೆಲಸ. ಈ ಮನೆಯವರ ನೆಂಟರ ಮೂಲಕ ವಿಷಯ ನನ್ನ ಕಿವಿಗೆ ಬಿತ್ತು. ಹೆಸರು ಬೇಡ ಎಂದರು, ಹಾಗಾಗಿ ಹೆಸರಿಲ್ಲ. ಆದರೆ ನಡೆದದ್ದನ್ನು ಬರೆಯಿರಿ ಎಂದರು. ಅಕ್ಕಪಕ್ಕದ ಹಳ್ಳಿಗಳಲ್ಲಿ ಇದೇ ತರಹದ ಹುಳು ಮನೆಗಳು ಎಷ್ಟಿವೆ ಎಂದು ಅವರಿಗೆ ಗೊತ್ತು.

ಈ ಕಟ್ಟಡಕ್ಕೆ ಬಿಸಿ ಯಾಕೆ ಬೇಕು ಅಂತ ಬೆಂಗಳೂರಿನವರು ಕೇಳಬಹುದು. ಮನುಷ್ಯರಿಗೆ ಬೇಡ, ಒಂದು ರಗ್ಗು ಸಾಕು. ಹುಳುವಿಗೆ ಬೇಕು. ಚಾಕಿ ಹುಳುವಿಗೆ, ಅಂದರೆ ಮೊದಲೆರಡು ಹಂತದ ಮರಿ ಹುಳುವಿಗೆ 27–28 ಡಿಗ್ರಿ, ಮೂರನೇ ಹಂತಕ್ಕೆ 26, ನಾಲ್ಕಕ್ಕೆ 25, ಐದನೇ ಹಂತಕ್ಕೆ 24 ಡಿಗ್ರಿ ಸುತ್ತಮುತ್ತ ಇರಬೇಕು. ಡಿಸೆಂಬರ್–ಜನವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಬೆಳಗಿನ ಜಾವ 13–14 ಡಿಗ್ರಿಗೆ ಇಳಿಯುತ್ತದೆ. ಹುಳುವಿಗೆ ತನ್ನದೇ ಮೈ ಬಿಸಿ ಇಲ್ಲ. ಕೋಣೆ ತಣ್ಣಗಾದರೆ ಅದೂ ತಣ್ಣಗಾಗುತ್ತದೆ, ಮೇಯುವುದು ನಿಧಾನವಾಗುತ್ತದೆ. ಕೆಲವು ಜ್ವರಕ್ಕೆ (ಒಂದು ಹಂತ ಮುಗಿದು ಪೊರೆ ಕಳಚುವ ಮೊದಲಿನ ನಿದ್ದೆಗೆ) ಕೂತಿರುತ್ತವೆ, ಕೆಲವು ಇನ್ನೂ ಮೇಯುತ್ತಿರುತ್ತವೆ. ಬೆಳೆ ಮೂರು ನಾಲ್ಕು ದಿನ ಎಳೆಯುತ್ತದೆ, ಅಷ್ಟು ದಿನದ ಸೊಪ್ಪು ಜಾಸ್ತಿ ಖರ್ಚು. ಚಳಿಯ ಜೊತೆ ತೇವವೂ ಸೇರಿದರೆ ಸುಣ್ಣಕಟ್ಟು ರೋಗ. ಹುಳು ಹಣ್ಣಾಗಿ ಗೂಡು ಕಟ್ಟುವ ತಟ್ಟೆಗೆ, ಅಂದರೆ ಚಂದ್ರಿಕೆಗೆ ಹತ್ತಿದ ಮೇಲೂ ಚಳಿ ಇದ್ದರೆ ಗೂಡು ಸರಿಯಾಗಿ ಕಟ್ಟುವುದಿಲ್ಲ. ಹಾಗಾಗಿ ಚಳಿಗಾಲದಲ್ಲಿ ಹುಳು ಮನೆಗೆ ಬೆಂಕಿ ಇಡುವುದು ಇಲ್ಲಿ ಹಳೆಯ ಪದ್ಧತಿ. ಬೆಂಕಿ ಎಲ್ಲಿ ಇಡುತ್ತಾರೆ ಅನ್ನುವುದೇ ಪ್ರಶ್ನೆ.

ಆ ರಾತ್ರಿ

ಜನವರಿ ತಿಂಗಳು. ಮೂರನೇ ಜ್ವರ ಎದ್ದ ಬೈವೋಲ್ಟಿನ್ (ವರ್ಷಕ್ಕೆ ಎರಡು ತಲೆಮಾರಿನ ತಳಿಯ) ಹುಳು. ಚಳಿ ಬಿಟ್ಟೂ ಬಿಡದೆ ಹಿಡಿದಿತ್ತು. ಕಿಟಕಿಗಳಿಗೆ ಹೊರಗಿನಿಂದ ಪ್ಲಾಸ್ಟಿಕ್ ಹಾಳೆ ಬಿಗಿದು ಅಂಚಿಗೆ ಟೇಪು ಹಚ್ಚಿದ್ದರು. ಶೀಟು ಮತ್ತು ಗೋಡೆಯ ನಡುವಿನ ಸಂದಿಗೆ ಗೋಣಿಚೀಲ ತುರುಕಿದ್ದರು. ಒಳಗೆ ಎರಡು ಕಬ್ಬಿಣದ ಬಾಂಡ್ಲಿಗಳಲ್ಲಿ ಇದ್ದಿಲು. ಹೊರಗೆ ಹೊತ್ತಿಸಿ, ಹೊಗೆ ಪೂರ್ತಿ ಹೋಗಿ ಕೆಂಡ ನಿಗಿನಿಗಿ ಆದ ಮೇಲೆಯೇ ಒಳಗೆ ತಂದಿಟ್ಟಿದ್ದರು. ಹೊಗೆ ಹುಳುವಿಗೆ ಆಗುವುದಿಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಮಗ ಮತ್ತು ಕೆಲಸದ ಹುಡುಗ ಹುಳು ಮನೆಯ ಮೂಲೆಯಲ್ಲೇ ಮಂಚ ಹಾಕಿಕೊಂಡು ಮಲಗಿದ್ದರು. ನಡುರಾತ್ರಿ ಎದ್ದು ಬಾಂಡ್ಲಿಗೆ ಇನ್ನಷ್ಟು ಇದ್ದಿಲು ಸುರಿದು ಮತ್ತೆ ಮಲಗಿದರು.

ಬೆಳಗಿನ ಜಾವ ಸೊಪ್ಪು ಹಾಕಲು ಬಂದ ತಾಯಿ ಕೂಗಿದರೆ ಯಾರೂ ಏಳಲಿಲ್ಲ. ಅಲುಗಾಡಿಸಿದ ಮೇಲೆ ಮಗ ಎದ್ದು ಕೂತ. ತಲೆ ಸಿಡಿಯುತ್ತಿದೆ ಎಂದ, ಅಲ್ಲೇ ವಾಂತಿ ಮಾಡಿಕೊಂಡ. ಕೆಲಸದ ಹುಡುಗನಿಗೆ ಕಾಲು ಊರಲು ಆಗಲಿಲ್ಲ. ಇಬ್ಬರನ್ನೂ ಎಳೆದು ಅಂಗಳಕ್ಕೆ ತಂದರು. ಅವರ ಜೀವ ಉಳಿಸಿದ್ದರಲ್ಲಿ ಅದರ ಪಾಲು ದೊಡ್ಡದು.

ಮನೆಯವರ ಮೊದಲ ಅನುಮಾನ ಊಟದ ಮೇಲೆ. ಅವರೆಕಾಯಿ ಕಾಲ, ರಾತ್ರಿ ಮುದ್ದೆ, ಹಿತಕಿದ ಬೇಳೆ ಸಾರು. ಜಾಸ್ತಿ ತಿಂದು ಅಜೀರ್ಣ ಆಗಿದೆ ಅಂದರು. ಆದರೆ ಅದೇ ಸಾರು ಉಂಡು ವಾಸದ ಮನೆಯಲ್ಲಿ ಮಲಗಿದ್ದವರಿಗೆ ಏನೂ ಆಗಿರಲಿಲ್ಲ. ಯಾರಿಗೋ ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ನೆನಪಾಯಿತು. ಬೆರಳಿಗೆ ಹಾಕಿದರೆ 98 ತೋರಿಸಿತು. ಆಕ್ಸಿಜನ್ ಸರಿಯಾಗಿದೆ ಎಂದು ಎಲ್ಲರೂ ಸಮಾಧಾನ ಪಟ್ಟುಕೊಂಡರು. ಈ ಸಮಾಧಾನವೇ ಇಡೀ ಪ್ರಕರಣದ ಅತ್ಯಂತ ಅಪಾಯದ ಗಳಿಗೆ ಎಂದು ನನ್ನ ಲೆಕ್ಕ. ಇದ್ದಿಲಿನ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ ರಕ್ತವೂ ಕೆಂಪಗೇ ಇರುತ್ತದೆ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್‌ಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಮನುಷ್ಯ ಉಸಿರುಗಟ್ಟಿ ಸಾಯುತ್ತಿದ್ದರೂ ಅದು 98 ಎನ್ನುತ್ತದೆ.

ಅದೃಷ್ಟಕ್ಕೆ 108ಕ್ಕೆ ಫೋನ್ ಮಾಡಿದವರು ಬಾಂಡ್ಲಿಯ ವಿಷಯವನ್ನೂ ಹೇಳಿದರು. ಆಸ್ಪತ್ರೆಯಲ್ಲಿ ಮುಖವಾಡ ಹಾಕಿ ಆಕ್ಸಿಜನ್ ಕೊಟ್ಟರು. ಬರೀ ಗಾಳಿಯಲ್ಲಿ ಉಸಿರಾಡಿದರೆ ರಕ್ತದಲ್ಲಿರುವ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಕ್ಸಿಜನ್ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ಇಬ್ಬರೂ ಚೇತರಿಸಿಕೊಂಡರು.

ಹುಳುವಿಗೆ ಏನೂ ಆಗಲಿಲ್ಲವಲ್ಲ?

ನಾನು ಹೋದಾಗ ತಂದೆ ಕೇಳಿದ ಮೊದಲ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆ. ಹುಳು ಎಂಥ ಸೂಕ್ಷ್ಮ ಜೀವ, ಪಕ್ಕದ ಹೊಲದಲ್ಲಿ ಔಷಧಿ ಹೊಡೆದರೂ ಸಾಯುತ್ತದೆ. ಅದೇ ಚೆನ್ನಾಗಿ ಮೇಯುತ್ತಿದೆ ಅಂದರೆ ಕೋಣೆಯಲ್ಲಿ ವಿಷದ ಗಾಳಿ ಹೇಗೆ ಇರುತ್ತದೆ?

ಉತ್ತರ ಹುಳುವಿನ ಮೈಯಲ್ಲೇ ಇದೆ. ರೇಷ್ಮೆ ಹುಳುವಿನ ಪಕ್ಕೆಗಳಲ್ಲಿ ಸಾಲಾಗಿ ಕಾಣುವ ಒಂಬತ್ತು ಜೊತೆ ಚುಕ್ಕೆಗಳು ಅದರ ಉಸಿರಿನ ರಂಧ್ರಗಳು. ಅಲ್ಲಿಂದ ಸಣ್ಣ ಸಣ್ಣ ಕೊಳವೆಗಳು ಗಾಳಿಯನ್ನು ನೇರವಾಗಿ ಮೈಯ ಒಳಗೆ ಒಯ್ಯುತ್ತವೆ. ಆಕ್ಸಿಜನ್ ಹೊರಲು ಅದಕ್ಕೆ ನಮ್ಮ ಹಾಗೆ ಹಿಮೋಗ್ಲೋಬಿನ್ ಬೇಕಿಲ್ಲ, ಅದರ ರಕ್ತದಲ್ಲಿ ಅದು ಇಲ್ಲವೂ ಇಲ್ಲ. ಕಾರ್ಬನ್ ಮೊನಾಕ್ಸೈಡ್ ನಮ್ಮನ್ನು ಕೊಲ್ಲುವ ಮುಖ್ಯ ದಾರಿಯೇ ಹುಳುವಿನಲ್ಲಿ ಇಲ್ಲ. ಅಂದರೆ ಮನುಷ್ಯ ಎಚ್ಚರ ತಪ್ಪಿ ಬಿದ್ದಿರುವ ಕೋಣೆಯಲ್ಲಿ ಹುಳು ಸೊಪ್ಪು ಮೇಯುತ್ತಾ ಇರಬಹುದು. ಹುಳುವನ್ನು ನೋಡಿ ಗಾಳಿ ಚೆನ್ನಾಗಿದೆ ಎಂದು ತೀರ್ಮಾನಿಸುವ ಹಾಗಿಲ್ಲ. ಹೊಗೆ, ಗಂಧಕ, ಅಮೋನಿಯಾ ಇವೆಲ್ಲ ಹುಳುವಿಗೂ ಕೇಡು, ಅದು ಬೇರೆ ಮಾತು.

ಎರಡನೆಯ ಪ್ರಶ್ನೆ ಅಜ್ಜಿಯದು. ನಮ್ಮ ಕಾಲದಲ್ಲೂ ಅಗ್ಗಿಷ್ಟಿಕೆ ಇಡುತ್ತಿದ್ದೆವು, ಯಾರೂ ಸಾಯಲಿಲ್ಲ. ಅವರು ಹೇಳಿದ್ದು ಸುಳ್ಳಲ್ಲ. ಅವರ ಕಾಲದ ಹುಳು ಮನೆ ಅಂದರೆ ವಾಸದ ಮನೆಯ ನಡುಮನೆ. ಮಣ್ಣಿನ ಗೋಡೆ, ಮೇಲೆ ನಾಡಹೆಂಚು. ಹೆಂಚಿನ ಸಂದಿಗಳಲ್ಲಿ ಬಿಸಿ ಗಾಳಿ ಸದಾ ಸೋರುತ್ತಿತ್ತು. ಈಗಿನದು ಗಿಲಾವು ಮಾಡಿದ ಗೋಡೆ, ಬಿಗಿಯಾದ ಶೀಟು, ಬಲೆ, ಅದರ ಮೇಲೆ ಪ್ಲಾಸ್ಟಿಕ್, ಟೇಪು. ಹೊಸ ಮನೆ ಕಟ್ಟಿದೆವು, ಹಳೆಯ ಅಗ್ಗಿಷ್ಟಿಕೆ ತಂದಿಟ್ಟೆವು.

ಒಂದು ಸಣ್ಣ ಲೆಕ್ಕ ಹಾಕಿ ತೋರಿಸಿದೆ. 40 × 20 × 10 ಅಡಿ ಅಂದರೆ ಸುಮಾರು 225 ಘನ ಮೀಟರ್ ಗಾಳಿ. ಒಂದು ಕಿಲೋ ಇದ್ದಿಲು ಬಾಂಡ್ಲಿಯಲ್ಲಿ ಉರಿದರೆ 100 ಗ್ರಾಂ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ ಎಂದು ಕಡಿಮೆಯೇ ಹಿಡಿಯೋಣ. ಗಾಳಿ ಆಚೆ ಹೋಗದಿದ್ದರೆ ಅಷ್ಟಕ್ಕೇ ಕೋಣೆಯಲ್ಲಿ 400 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 400 ಪಾಲು) ಸುತ್ತಮುತ್ತ ಆಗುತ್ತದೆ. 400 ಪಿಪಿಎಂನಲ್ಲಿ ಒಂದೆರಡು ಗಂಟೆಗೆ ತಲೆನೋವು ಶುರು. 800ರಲ್ಲಿ ಮುಕ್ಕಾಲು ಗಂಟೆಗೆ ತಲೆ ಸುತ್ತು, ವಾಕರಿಕೆ. 1,600ರಲ್ಲಿ ಒಂದೆರಡು ಗಂಟೆಯಲ್ಲಿ ಸಾವು. ಅಲ್ಲಿ ಉರಿದಿದ್ದು ಒಂದು ಕಿಲೋ ಅಲ್ಲ. ಗೋಣಿ ತುರುಕಿದ ಸಂದಿಗಳಲ್ಲಿ ಸ್ವಲ್ಪವಾದರೂ ಗಾಳಿ ಸೋರಿದ್ದಕ್ಕೆ ಹುಡುಗರು ಬದುಕಿದರು ಅಂತಲೇ ಹೇಳಬೇಕು.

ಹೊಗೆ ಇಲ್ಲದ ಕೆಂಡ ಸುರಕ್ಷಿತ ಅನ್ನುವ ನಂಬಿಕೆ ಈ ಭಾಗದಲ್ಲಿ ಬಹಳ ಗಟ್ಟಿ. ವಿಷಯ ತಿರುಗುಮುರುಗು. ಹೊಗೆ ಇದ್ದರೆ ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ, ಮನುಷ್ಯ ಎದ್ದು ಹೊರಗೆ ಓಡುತ್ತಾನೆ. ಕೆಂಡದಿಂದ ಬರುವ ಈ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಬೆಚ್ಚಗೆ ಮಲಗಿಸಿಬಿಡುತ್ತದೆ.

ಬಿಟ್ಟ ದಾರಿಗಳು

ಕರೆಂಟ್ ಹೀಟರ್ ಮೊದಲು ನೆನಪಾಗುತ್ತದೆ. ಈ ಕೋಣೆಯನ್ನು ಹೊರಗಿಗಿಂತ ಹತ್ತು ಡಿಗ್ರಿ ಮೇಲೆ ಇಡಲು ಆಗಿನ ಸ್ಥಿತಿಯಲ್ಲಿ ಎಂಟು ಒಂಬತ್ತು ಕಿಲೋವ್ಯಾಟ್ ಬೇಕಿತ್ತು. ಅಂದರೆ ನಾಲ್ಕೈದು ದೊಡ್ಡ ಹೀಟರು, ಒಂದು ರಾತ್ರಿಗೆ ಎಂಬತ್ತು ತೊಂಬತ್ತು ಯೂನಿಟ್. ತೋಟದ ಸಿಂಗಲ್ ಫೇಸ್ ಲೈನು ಅದನ್ನು ಹೊರುವುದಿಲ್ಲ. ಗ್ಯಾಸ್ ಹೀಟರೂ ಬೇಡ ಎಂದೆ. ಹೊಗೆ ಕೊಳವೆ ಇಲ್ಲದ ಗ್ಯಾಸ್ ಹೀಟರ್ ಉರಿದದ್ದೆಲ್ಲ ಕೋಣೆಯೊಳಗೇ ಬಿಡುತ್ತದೆ, ಜೊತೆಗೆ ನೀರಾವಿಯನ್ನೂ.

ಊರಿನ ವೆಲ್ಡಿಂಗ್ ಅಂಗಡಿಯವರು ಒಂದು ಯೋಜನೆ ಕೊಟ್ಟಿದ್ದರು. 200 ಲೀಟರ್‌ನ ಹಳೇ ಎಣ್ಣೆ ಡ್ರಮ್ಮನ್ನು ಒಲೆ ಮಾಡಿ ಕೋಣೆಯ ಮಧ್ಯೆ ಇಡುವುದು, ನಾಲ್ಕು ಇಂಚಿನ ಪೈಪನ್ನು ಕಿಟಕಿಯಿಂದ ಹೊರಗೆ ಬಿಡುವುದು. ಅಗ್ಗ, ಎರಡು ದಿನದ ಕೆಲಸ. ಬಾಂಡ್ಲಿಗಿಂತ ಸಾವಿರ ಪಾಲು ವಾಸಿ, ಅದರಲ್ಲಿ ಅನುಮಾನ ಇಲ್ಲ. ಆದರೂ ನನಗೆ ಒಪ್ಪಿಗೆ ಆಗಲಿಲ್ಲ. ಅಡ್ಡಡ್ಡ ಹೋಗಿ ಕಿಟಕಿಯಲ್ಲೇ ಮುಗಿಯುವ ಪೈಪಿಗೆ ಸೆಳೆತ ಇರುವುದಿಲ್ಲ. ಎದುರು ಗಾಳಿ ಬೀಸಿದರೆ ಹೊಗೆ ವಾಪಸ್ ಒಳಗೆ. ಪೈಪನ್ನು ಮೇಲಕ್ಕೆ ತೆಗೆದರೆ ಶೀಟು ಕೊರೆಯಬೇಕು, ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇರುತ್ತದೆ, ಅದರ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಎಲ್ಲಕ್ಕಿಂತ ಮುಖ್ಯ ಜಾಗದ ವಿಷಯ. ಇಂಥ ಬರಿ ಕಬ್ಬಿಣದ ಒಲೆಯ ಸುತ್ತ ಉರಿಯುವ ವಸ್ತು ಏನಿದ್ದರೂ ಮೂರು ಅಡಿ ದೂರ ಇರಬೇಕು. ಇದು ಅಮೆರಿಕದ ಅಗ್ನಿ ಸುರಕ್ಷತೆಯ ನಿಯಮ, ಎಲ್ಲಿಗಾದರೂ ಹೊಂದುತ್ತದೆ. ಈ ಕೋಣೆಯಲ್ಲಿ ಸ್ಟ್ಯಾಂಡುಗಳ ನಡುವಿನ ದಾರಿಯೇ ಮೂರು ಅಡಿ. ಎಲ್ಲಿ ನೋಡಿದರೂ ಒಣಗಿದ ಹಿಪ್ಪುನೇರಳೆ ಕಡ್ಡಿ, ಪ್ಲಾಸ್ಟಿಕ್ ಚಂದ್ರಿಕೆ, ಪೇಪರ್. ಹಳೇ ಡ್ರಮ್ಮಿನ ಬಣ್ಣ ಕಾದಾಗ ಬರುವ ವಾಸನೆಗೆ ಹುಳು ಏನಾಗುತ್ತದೋ ಅದು ಬೇರೆ.

ಮೊದಲು ಸೂರು, ಆಮೇಲೆ ಒಲೆ

ಒಲೆಯ ಬಗ್ಗೆ ಮಾತಾಡಲು ಬಂದವನು ಸೂರಿನ ಬಗ್ಗೆ ಮಾತು ತೆಗೆದಾಗ ಮನೆಯವರಿಗೆ ಬೇಸರವಾಯಿತು. ಆದರೆ ಲೆಕ್ಕ ಹಾಗಿತ್ತು. ಬೇಕಾಗಿದ್ದ ಒಟ್ಟು ಬಿಸಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಶೀಟಿನ ಮೂಲಕ ಹೋಗುತ್ತಿತ್ತು. ತೆಳ್ಳನೆಯ ಶೀಟು ಚಳಿಗೆ ಬಾಗಿಲು ತೆರೆದಿಟ್ಟ ಹಾಗೇ. ಒಂದು ಇಂಚಿನ ಥರ್ಮೋಕೋಲ್ ಹಾಕಿ ಫಾಲ್ಸ್ ಸೀಲಿಂಗ್ ಮಾಡಿದರೆ ಅಲ್ಲಿನ ನಷ್ಟ ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಒಟ್ಟು ಅಗತ್ಯ ಸುಮಾರು ಅರ್ಧ ಆಗುತ್ತದೆ. ಬೇಸಿಗೆಯಲ್ಲೂ ಅದೇ ಸೀಲಿಂಗ್ ಕೋಣೆಯನ್ನು ತಂಪಾಗಿ ಇಡುತ್ತದೆ. ಹುಳು ಸಾಕುವವರಿಗೆ ಏಪ್ರಿಲ್ ತಿಂಗಳು ಜನವರಿಗಿಂತ ದೊಡ್ಡ ತಲೆನೋವು, ಅಲ್ವಾ?

ಒಂದು ಷರತ್ತು ಇತ್ತು. ಥರ್ಮೋಕೋಲ್ 100 ಡಿಗ್ರಿ ಹತ್ತಿರ ಬಂದರೆ ಕರಗುತ್ತದೆ, ಹೊತ್ತಿಕೊಂಡರೆ ಉರಿಯುವ ಹನಿಗಳಾಗಿ ಕೆಳಗೆ ಬೀಳುತ್ತದೆ. ಹಾಗಾಗಿ ಸೀಲಿಂಗ್ ಹಾಕುವುದಾದರೆ ಒಲೆಯೂ ಬಿಸಿ ಪೈಪೂ ಅದರ ಹತ್ತಿರ ಸುಳಿಯಬಾರದು. ಎರಡೂ ಒಟ್ಟಿಗೆ ಬೇಕು ಅಂದರೆ ಬೆಂಕಿಯನ್ನೇ ಕಟ್ಟಡದ ಆಚೆ ಇಡಬೇಕು.

ಹುಣಸೂರಿನಿಂದ ಎರವಲು

ಇದನ್ನು ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೋದವರು ತಂಬಾಕು ಬೇಯಿಸುವ ಬ್ಯಾರನ್‌ಗಳನ್ನು ನೋಡಿರುತ್ತಾರೆ. ಸೌದೆ ಹಾಕುವ ಬಾಯಿ ಗೋಡೆಯ ಹೊರಗೆ. ಬಿಸಿ ಹೊಗೆ ಮುಚ್ಚಿದ ಕೊಳವೆಯಲ್ಲಿ ಬ್ಯಾರನ್ ಒಳಗೆ ಸುತ್ತಿ ಚಿಮಣಿಯಿಂದ ಆಚೆ ಹೋಗುತ್ತದೆ. ಎಲೆಗೆ ಬಿಸಿ ಮಾತ್ರ ತಾಗುತ್ತದೆ, ಹೊಗೆ ತಾಗುವುದಿಲ್ಲ. ಬೆಂಕಿ ಉಸಿರಾಡುವುದು ಹೊರಗಿನ ಗಾಳಿ, ಬಿಡುವುದೂ ಹೊರಗಿನ ಗಾಳಿಗೆ. ತಂಬಾಕಿಗೂ ರೇಷ್ಮೆ ಹುಳುವಿಗೂ ಜನ್ಮದ ವೈರ. ನಿಕೋಟಿನ್ ಸೋಂಕಿದ ಸೊಪ್ಪು ತಿಂದರೆ ಹುಳು ಉಳಿಯುವುದಿಲ್ಲ, ತಂಬಾಕು ಹೊಲದ ಪಕ್ಕ ಯಾರೂ ಹಿಪ್ಪುನೇರಳೆ ಇಡುವುದಿಲ್ಲ. ಆ ವೈರಿಯ ಮನೆಯಿಂದಲೇ ಒಲೆಯ ಉಪಾಯ ತಂದೆವು.

ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ. ಅದಕ್ಕೆ ಒಲೆಯ ಬಾಯಿಯನ್ನು ಪೂರ್ವದ ಗೋಡೆಯ ಹೊರಗೆ ಇಟ್ಟೆವು. ಒಳಪದರಕ್ಕೆ ಬೆಂಕಿ ಇಟ್ಟಿಗೆ, ಹೊರಗೆ ಮಾಲೂರಿನ ಮಾಮೂಲು ಸುಟ್ಟ ಇಟ್ಟಿಗೆ, ಕಟ್ಟಲು ಜರಡಿ ಹಿಡಿದ ಜೇಡಿಮಣ್ಣು ಮತ್ತು ಮರಳು. ಬರೀ ಸಿಮೆಂಟ್ ಗಾರೆ ಬೆಂಕಿಯ ಮುಂದೆ ಒಂದು ಚಳಿಗಾಲವೂ ನಿಲ್ಲುವುದಿಲ್ಲ. ಅಲ್ಲಿಂದ ನೆಲದ ಮೇಲೆ, ಉತ್ತರದ ಗೋಡೆಯ ಉದ್ದಕ್ಕೂ ಇಟ್ಟಿಗೆಯ ಕಾಲುವೆ. ಒಳ ಅಳತೆ ಒಂಬತ್ತು ಇಂಚು ಚೌಕ, ಮೇಲೆ ಕಲ್ಲಿನ ಚಪ್ಪಡಿ ಮುಚ್ಚಿಗೆ. ಚಿಮಣಿಯ ಕಡೆಗೆ ಸ್ವಲ್ಪ ಸ್ವಲ್ಪವೇ ಏರು. ಕಾಲುವೆ ಮುಗಿದಲ್ಲಿ ಗೋಡೆ ದಾಟಿ ಹೊರಗೆ ಇಟ್ಟಿಗೆಯ ಚಿಮಣಿ. ಸೂರನ್ನು ಎಲ್ಲೂ ಕೊರೆಯಲಿಲ್ಲ.

ಕಬ್ಬಿಣದ ಪೈಪು ಯಾಕಲ್ಲ ಎಂದು ಮೇಸ್ತ್ರಿ ಕೇಳಿದರು. ಪೈಪು ಬೇಗ ಬಿಸಿ ಕೊಡುತ್ತದೆ, ಬೇಗ ಆರುತ್ತದೆ. ಅದರ ಮೇಲೆ ಒಂದು ಒಣ ಕಡ್ಡಿ ಬಿದ್ದರೆ ಹೊತ್ತಬಹುದು. ಗ್ಯಾಲ್ವನೈಸ್ ಮಾಡಿದ ಪೈಪಾದರೆ ಜಾಸ್ತಿ ಕಾದಾಗ ಸತುವಿನ ಹೊಗೆಯ ಕಾಟವೂ ಉಂಟು. ಕಲ್ಲು, ಇಟ್ಟಿಗೆ ಬಿಸಿಯಾಗಲು ಎರಡು ಗಂಟೆ ತೆಗೆದುಕೊಂಡರೂ ಬೆಂಕಿ ಆರಿದ ಮೇಲೆ ಬೆಳಗಿನವರೆಗೂ ಬಿಸಿ ಬಿಡುತ್ತವೆ. ಹುಳುವಿಗೆ ಬೇಕಾಗಿರುವುದು ಏರಿಳಿತ ಇಲ್ಲದ ಬಿಸಿ.

ಮೇಸ್ತ್ರಿಗೂ ನನಗೂ ಜಗಳವಾದದ್ದು ಕಾಲುವೆಯ ಉದ್ದದ ಬಗ್ಗೆ. ಅವರಿಗೆ ಪೂರ್ತಿ 40 ಅಡಿ ಬೇಕು, ಸಾಧ್ಯವಾದರೆ ತಿರುಗಿಸಿ ವಾಪಸ್ ತರಬೇಕು. ಹೊಗೆಯಿಂದ ಕೊನೆಯ ತೊಟ್ಟಿನ ತನಕ ಬಿಸಿ ಹಿಂಡಬೇಕು ಎಂಬ ಆಸೆ. ನಾನು 24 ಅಡಿಗೆ ನಿಲ್ಲಿಸಿ ಎಂದೆ. ಚಿಮಣಿ ಎಳೆಯುವುದು ಹೊಗೆ ಬಿಸಿಯಾಗಿರುವುದರಿಂದಲೇ. 15 ಅಡಿಯ ಚಿಮಣಿಯಲ್ಲಿ 120 ಡಿಗ್ರಿ ಹೊಗೆ ಇದ್ದರೆ ಸಿಗುವ ಸೆಳೆತ ಹದಿನಾಲ್ಕು ಪ್ಯಾಸ್ಕಲ್ ಅಷ್ಟೇ, ಬಹಳ ಸಣ್ಣದು. ಹೊಗೆ ಅದಕ್ಕಿಂತ ತಣ್ಣಗಾದರೆ ಸೆಳೆತವೂ ಹೋಗುತ್ತದೆ, ಕ್ರಿಯೋಸೋಟ್ ಎಂಬ ಕಪ್ಪು ಟಾರು ಚಿಮಣಿಯ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ಆ ಟಾರೇ ಮುಂದೆ ಯಾವತ್ತೋ ಹೊತ್ತಿ ಚಿಮಣಿಯೊಳಗೆ ಬೆಂಕಿ ಏಳುತ್ತದೆ. ಸ್ವಲ್ಪ ಬಿಸಿಯನ್ನು ಆಕಾಶಕ್ಕೆ ಬಿಡಲೇಬೇಕು, ಅದು ಚಿಮಣಿಯ ಕೂಲಿ. ಕೊನೆಗೆ 24 ಅಡಿಗೇ ನಿಂತಿತು. ಮೇಸ್ತ್ರಿ ಪೂರ್ತಿ ಒಪ್ಪಿದರು ಅಂತ ಹೇಳಲಾರೆ.

ಚಿಮಣಿಯ ಎತ್ತರಕ್ಕೆ ಒಂದು ಹಳೆಯ ಲೆಕ್ಕ ಇದೆ. ಹತ್ತು ಅಡಿ ದೂರದೊಳಗೆ ಇರುವ ಯಾವುದೇ ಸೂರಿಗಿಂತ ಎರಡು ಅಡಿ ಮೇಲೆ ಇರಬೇಕು. ಇಲ್ಲವಾದರೆ ಸೂರಿನ ಮೇಲೆ ಹಾದು ಬರುವ ಗಾಳಿ ಕೆಳಕ್ಕೆ ಒತ್ತಿ ಹೊಗೆಯನ್ನು ವಾಪಸ್ ತಳ್ಳುತ್ತದೆ. ಇಲ್ಲಿ ಶೀಟಿನ ನೆತ್ತಿ 12 ಅಡಿ, ಚಿಮಣಿ 15 ಅಡಿ. ತುದಿಗೆ ಕಿಡಿ ಹಾರದ ಹಾಗೆ ದಪ್ಪ ತಂತಿಯ ಬಲೆ. ಬುಡದಲ್ಲಿ ಗುಡಿಸಲು ಒಂದು ಚಿಕ್ಕ ಕಬ್ಬಿಣದ ಬಾಗಿಲು. ಈ ಬಾಗಿಲಿಗೆ ಇನ್ನೊಂದು ಉಪಯೋಗವೂ ಇದೆ. ಹಲವು ದಿನ ಉರಿಸದ ಚಿಮಣಿಯಲ್ಲಿ ತಣ್ಣನೆಯ ಗಾಳಿ ಕೂತಿರುತ್ತದೆ, ಒಲೆ ಹಚ್ಚಿದರೆ ಹೊಗೆ ಮುಂದೆ ಹೋಗದೆ ಬಾಯಿಂದಲೇ ಹೊರಗೆ ಬರುತ್ತದೆ. ಮೊದಲು ಬುಡದ ಬಾಗಿಲಲ್ಲಿ ಒಂದೆರಡು ಹಾಳೆ ಪೇಪರ್ ಉರಿಸಿ ಚಿಮಣಿ ಬಿಸಿ ಮಾಡಿ, ಆಮೇಲೆ ಒಲೆ ಹಚ್ಚಬೇಕು.

ಫ್ಯಾನು ಮಾಡಿದ ತರಲೆ

ಹುಳು ತರುವ ಮೊದಲು ಖಾಲಿ ಕೋಣೆಯಲ್ಲಿ ಪರೀಕ್ಷೆ ಮಾಡಿದೆವು. ಒಲೆಗೆ ಒಣ ಸೌದೆ ಜೊತೆ ಒದ್ದೆ ಹುಲ್ಲು ಹಾಕಿ ಬೇಕಂತಲೇ ದಟ್ಟ ಹೊಗೆ ಎಬ್ಬಿಸಿ, ಒಳಗೆ ಕತ್ತಲೆ ಮಾಡಿಕೊಂಡು ಚಪ್ಪಡಿಗಳ ಸಂದಿಯ ಮೇಲೆ ಟಾರ್ಚು ಹಿಡಿದು ನೋಡಿದೆವು. ಎರಡು ಕಡೆ ಎಳೆಯಾಗಿ ಹೊಗೆ ಬರುತ್ತಿತ್ತು. ಮಣ್ಣು ಮೆತ್ತಿದ ಮೇಲೆ ನಿಂತಿತು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನೂ ತರಿಸಿದ್ದೆವು, ಪರದೆಯ ಮೇಲೆ ಪಿಪಿಎಂ ತೋರಿಸುವ ಮಾದರಿ. ಈ ಅನಿಲದ ತೂಕ ಹೆಚ್ಚು ಕಡಿಮೆ ಗಾಳಿಯಷ್ಟೇ, ಹಾಗಾಗಿ ಅಲಾರಂ ಸೂರಿನಲ್ಲಿ ಇರಬೇಕಿಲ್ಲ. ಮನುಷ್ಯನ ಮೂಗಿನ ಮಟ್ಟಕ್ಕೆ, ಕಾಲುವೆಯಿಂದ ಸ್ವಲ್ಪ ದೂರ ಗೋಡೆಗೆ ಹಾಕಿದೆವು.

ಎಲ್ಲ ಸರಿಯಾಗಿತ್ತು. ಹಳೆಯ ಹಾಸಿಗೆ (ಹುಳುವಿನ ಕೆಳಗೆ ಸೇರುವ ಹಿಕ್ಕೆ, ತಿಂದುಳಿದ ಕಡ್ಡಿ) ತೆಗೆಯುವಾಗ ಮಾಡುವ ಹಾಗೆ ಮಗ ಎಕ್ಸಾಸ್ಟ್ ಫ್ಯಾನ್ ಹಾಕಿದ. ಪರದೆಯಲ್ಲಿ ಸೊನ್ನೆ ಇದ್ದದ್ದು ಹತ್ತಿಪ್ಪತ್ತು ನಿಮಿಷದಲ್ಲಿ 45ಕ್ಕೆ ಏರಿತು. ಅಲಾರಂ ಕೂಗಲಿಲ್ಲ. ಇಂಥ ಅಲಾರಂಗಳನ್ನು 70 ಪಿಪಿಎಂ ಆದರೆ ಒಂದು ಗಂಟೆಯ ಮೇಲೆ, ಅದಕ್ಕಿಂತ ಜಾಸ್ತಿ ಆದರೆ ಬೇಗ ಕೂಗುವ ಹಾಗೆ ಮಾಡಿರುತ್ತಾರೆ, ಅದಕ್ಕೇ ಪರದೆ ಇರುವುದನ್ನು ತರಿಸಿದ್ದು. ಆದದ್ದಿಷ್ಟು. ಮುಚ್ಚಿದ ಕೋಣೆಯಿಂದ ಫ್ಯಾನು ಗಾಳಿ ಎಳೆಯುತ್ತದೆ. ಆ ಗಾಳಿಯ ಬದಲಿಗೆ ಎಲ್ಲಿಂದಲಾದರೂ ಗಾಳಿ ಒಳಗೆ ಬರಬೇಕು. ಬಾಗಿಲು ಕಿಟಕಿ ಮುಚ್ಚಿದ್ದರೆ ಅದು ಕಾಲುವೆಯ ಸಣ್ಣ ಸಂದಿಗಳಿಂದ ಹೊಗೆಯನ್ನೇ ಎಳೆಯುತ್ತದೆ. ಚಿಮಣಿಯ ಹದಿನಾಲ್ಕು ಪ್ಯಾಸ್ಕಲ್ ಸೆಳೆತವನ್ನು ಒಂದು ಫ್ಯಾನು ಸುಲಭವಾಗಿ ಸೋಲಿಸುತ್ತದೆ.

ಪರಿಹಾರ ಸರಳ. ಎದುರು ಗೋಡೆಯಲ್ಲಿ ಬಲೆ ಹಾಕಿದ ಒಂದು ಗಾಳಿಕಿಂಡಿಯನ್ನು ಯಾವತ್ತೂ ಮುಚ್ಚುವ ಹಾಗಿಲ್ಲ. ಫ್ಯಾನ್ ಹಾಕುವ ಮೊದಲು ಎದುರಿನ ಕಿಟಕಿ ತೆರೆಯಬೇಕು. ಫ್ಯಾನಿನ ಸ್ವಿಚ್ಚನ್ನು ಆ ಕಿಟಕಿಯ ಪಕ್ಕಕ್ಕೇ ಬದಲಾಯಿಸಿದೆವು, ಮರೆಯದಿರಲಿ ಅಂತ. ಇನ್ನೊಂದು ನಿಯಮವೂ ಬಂತು. ಹುಳು ಮನೆಯೊಳಗೆ ಯಾರೂ ಮಲಗುವುದಿಲ್ಲ. ಒಲೆ ಹೊರಗೆ ಇದೆ, ಸೌದೆ ಹಾಕಲು ಒಳಗೆ ಹೋಗಬೇಕಾದ ಕೆಲಸವೇ ಇಲ್ಲ.

ಸೌದೆ, ಬೂದಿ, ಪೆಟ್ರೋಲು

ಕಾಯಿಸಿದ ಗಾಳಿ ಒಣಗುತ್ತದೆ ಅನ್ನುವುದನ್ನು ಮರೆಯಬಾರದು. ಹೊರಗಿನ 15 ಡಿಗ್ರಿಯ, ನೂರಕ್ಕೆ 80 ತೇವ ಇರುವ ಗಾಳಿಯನ್ನು 25 ಡಿಗ್ರಿಗೆ ಏರಿಸಿದರೆ ತೇವ 43ರ ಆಸುಪಾಸಿಗೆ ಇಳಿಯುತ್ತದೆ. ಐದನೇ ಹಂತದ ಹುಳುವಿಗೂ 65–70 ಬೇಕು. ಹಸಿ ಸೊಪ್ಪು ಸ್ವಲ್ಪ ತೇವ ಕೊಡುತ್ತದೆ, ಉಳಿದದ್ದಕ್ಕೆ ಕಾಲುವೆಯ ಚಪ್ಪಡಿಗಳ ಮೇಲೆ ಅಗಲ ಬಾಯಿಯ ಪಾತ್ರೆಗಳಲ್ಲಿ ನೀರು. ಹುಳು ಚಂದ್ರಿಕೆ ಹತ್ತಿದ ಮೇಲೆ ಪಾತ್ರೆ ತೆಗೆದುಬಿಡುತ್ತಾರೆ, ಆಗ ಒಣ ಬಿಸಿಯೇ ಒಳ್ಳೆಯದು.

ಸೌದೆಗೆ ಇಲ್ಲಿ ಬರ ಇಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದರೂ ಹಳೆಯ ತೋಪುಗಳ ಬುಡ ಇನ್ನೂ ಚಿಗುರುತ್ತಲೇ ಇವೆ. ಜಾಲಿ ಇದೆ, ಮಾವು ಇದೆ. ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ರಾಶಿ ರಾಶಿ ಇದೆ. ಕಡ್ಡಿ ಹೊತ್ತಿಸಲು ಚೆನ್ನ, ರಾತ್ರಿಗೆ ನಿಲ್ಲುವುದಿಲ್ಲ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದನ್ನು ಉರಿಸಿದರೆ ಬೆಂಕಿಯ ಶಕ್ತಿಯೆಲ್ಲ ನೀರು ಕುದಿಸಲು ಹೋಗುತ್ತದೆ, ಹೊಗೆ ತಣ್ಣಗಾಗುತ್ತದೆ, ಟಾರು ಕಟ್ಟುತ್ತದೆ. ಫೆಬ್ರವರಿ–ಮಾರ್ಚ್‌ನಲ್ಲಿ ಸೀಳಿ, ನೆಲದಿಂದ ಮೇಲೆ ಒಟ್ಟಿ, ಮಳೆಗೆ ಮೇಲೆ ಮಾತ್ರ ಮುಚ್ಚಿ ಪಕ್ಕಗಳನ್ನು ಗಾಳಿಗೆ ಬಿಟ್ಟರೆ ಡಿಸೆಂಬರ್‌ಗೆ ಒಳ್ಳೆಯ ಸೌದೆ. ಎರಡು ಸೀಳು ಬಡಿದರೆ ಟಣ್ ಅನ್ನಬೇಕು. ಬಣ್ಣ ಹಚ್ಚಿದ ಮರ, ಪ್ಲೈವುಡ್, ಪ್ಲಾಸ್ಟಿಕ್, ಔಷಧಿಯ ಪೊಟ್ಟಣ ಒಲೆಗೆ ಹಾಕುವ ಹಾಗಿಲ್ಲ. ಆ ಹೊಗೆ ತೋಟದ ಸೊಪ್ಪಿನ ಮೇಲೆ ಕೂತು ಮತ್ತೆ ಹುಳುವಿನ ಬಾಯಿಗೇ ಬರುತ್ತದೆ. ರಾತ್ರಿಯೆಲ್ಲ ಕೆಂಡ ಇರಲಿ ಎಂದು ಒಲೆಯ ಗಾಳಿಬಾಯಿ ಪೂರ್ತಿ ಮುಚ್ಚುವುದೂ ಬೇಡ. ಉಸಿರುಕಟ್ಟಿದ ಬೆಂಕಿ ಟಾರನ್ನೂ ವಿಷದ ಅನಿಲವನ್ನೂ ಜಾಸ್ತಿ ಮಾಡುತ್ತದೆ. ಚುರುಕಾಗಿ ಉರಿಸಿ ಕಲ್ಲಿಗೆ ಬಿಸಿ ತುಂಬಿಸಿ ಬಿಟ್ಟುಬಿಡುವುದೇ ವಾಸಿ.

ಒಲೆ ಹಚ್ಚುವ ಮೊದಲೇ ಮುಂದಿನ ಕೋಣೆ ಖಾಲಿಯಾಯಿತು. ಒಲೆಯ ಬಾಯಿಗೂ ಆ ಕೋಣೆಯ ಬಾಗಿಲಿಗೂ ಕೆಲವೇ ಅಡಿ ದೂರ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ, ನಮ್ಮ ಯಾವ ಚಳಿಯಲ್ಲೂ ಹೊತ್ತಿಕೊಳ್ಳುತ್ತದೆ. ಕ್ಯಾನಿನ ಮುಚ್ಚಳ ಸಡಿಲ ಇದ್ದರೆ ಸಾಕು. ಬ್ಲೀಚಿಂಗ್ ಪೌಡರ್ ಬೇರೆ ವಸ್ತುಗಳ ಉರಿಯನ್ನು ಹೆಚ್ಚಿಸುವಂಥದ್ದು, ಅದನ್ನು ಪೆಟ್ರೋಲ್, ಎಣ್ಣೆ ಪಕ್ಕ ಇಡುವುದೇ ತಪ್ಪು. ಸ್ಕೂಟರ್, ಯಂತ್ರಗಳು, ಕ್ಯಾನು ದನದ ಕೊಟ್ಟಿಗೆಯ ಆಚೆಗಿನ ಚಪ್ಪರಕ್ಕೆ ಹೋದವು. ರಾಗಿ ಹುಲ್ಲಿನ ಬಣವೆ ಚಿಮಣಿಯ ಗಾಳಿಗೆ ಸರಿಯಾಗಿ ಕೆಳಗಡೆ ಇತ್ತು. ಆಗ ತಾನೇ ಒಟ್ಟಿದ ಬಣವೆ ಕಿತ್ತು ಬೇರೆ ಕಡೆ ಹಾಕಿ ಅಂದಾಗ ಮನೆಯಲ್ಲಿ ಎರಡು ದಿನ ನನ್ನ ಜೊತೆ ಯಾರೂ ಸರಿಯಾಗಿ ಮಾತಾಡಲಿಲ್ಲ. ಬೂದಿಗೆ ಮುಚ್ಚಳ ಇರುವ ಕಬ್ಬಿಣದ ಬಕೆಟ್. ಮೇಲೆ ತಣ್ಣಗೆ ಕಂಡ ಬೂದಿಯೊಳಗೆ ಕೆಂಡ ಎರಡು ಮೂರು ದಿನ ಜೀವ ಹಿಡಿದಿರಬಹುದು, ಪ್ಲಾಸ್ಟಿಕ್ ಬುಟ್ಟಿಯಲ್ಲಿ ತಿಪ್ಪೆಗೆ ಸುರಿಯುವುದು ನಿಂತಿತು.

ಚಳಿಗಾಲ ಹೇಗೆ ಹೋಯಿತು

ಮುಂದಿನ ಡಿಸೆಂಬರ್‌ನ ಬೆಳೆಯಲ್ಲಿ ಹೊರಗೆ 14 ಡಿಗ್ರಿ ಇದ್ದಾಗ ಒಳಗೆ 24–25 ನಿಂತಿತು. ಕಾಲುವೆ ಇರುವ ಉತ್ತರದ ಗೋಡೆಯ ಪಕ್ಕ 27ರವರೆಗೂ ಹೋಗುತ್ತಿತ್ತು, ದಕ್ಷಿಣದ ಕಡೆ 23. ಅದಕ್ಕೆ ಉತ್ತರದ ಸ್ಟ್ಯಾಂಡನ್ನು ಎರಡು ಅಡಿ ಒಳಗೆ ತಂದು, ಕಡಿಮೆ ವೇಗದಲ್ಲಿ ಒಂದು ಸೀಲಿಂಗ್ ಫ್ಯಾನ್ ಓಡಿಸಿದರು. ರಾತ್ರಿಗೆ 20ರಿಂದ 25 ಕಿಲೋ ಸೌದೆ ಹಿಡಿಯುತ್ತದೆ. ಸೀಲಿಂಗ್ ಇಲ್ಲದಿದ್ದರೆ ಇದರ ಎರಡು ಪಟ್ಟು ಆಗುತ್ತಿತ್ತು. ಖರ್ಚಿನಲ್ಲೂ ದೊಡ್ಡ ಪಾಲು ಸೀಲಿಂಗಿನದೇ, ಒಲೆ ಮತ್ತು ಕಾಲುವೆಯದ್ದಲ್ಲ. ಹುಳು ಒಂದೇ ಸಮನೆ ಜ್ವರಕ್ಕೆ ಕೂತು ಒಂದೇ ಸಮನೆ ಎದ್ದವು. ಪರದೆಯ ಸಂಖ್ಯೆ ಬೆಳೆ ಮುಗಿಯುವವರೆಗೆ ಸೊನ್ನೆಯಿಂದ ಏಳಲಿಲ್ಲ.

ಅಜ್ಜಿ ಮಾತ್ರ ಮುಂದಿನ ಕೋಣೆಯಲ್ಲಿ ಒಂದು ಪುಟ್ಟ ಅಗ್ಗಿಷ್ಟಿಕೆ ಇಟ್ಟುಕೊಳ್ಳುತ್ತೇನೆ, ಕಾಲು ಹಿಡಿಯುತ್ತದೆ ಎಂದು ಇನ್ನೂ ಕೇಳುತ್ತಾರೆ. ಒಲೆಯ ಹೊರಬಾಯಿಯ ಪಕ್ಕ ಅವರಿಗೊಂದು ಕಲ್ಲಿನ ಜಗಲಿ ಹಾಕಿಕೊಟ್ಟಿದ್ದಾರೆ.

ಬೆಂಕಿಗೆ ಹತ್ತಿರದ ಮೊದಲ ಚಪ್ಪಡಿ ಫೆಬ್ರವರಿ ಹೊತ್ತಿಗೆ ಅಡ್ಡಕ್ಕೆ ಸೀಳಿತ್ತು. ಬೇಸಿಗೆಯಲ್ಲಿ ಆ ಜಾಗಕ್ಕೆ ಬೆಂಕಿ ಇಟ್ಟಿಗೆಯ ಕಮಾನು ಕಟ್ಟಬೇಕು, ಉಳಿದ ಸಂದಿಗಳಿಗೆ ಮತ್ತೆ ಮಣ್ಣು ಮೆತ್ತಿ ಹೊಗೆ ಪರೀಕ್ಷೆ ಮಾಡಬೇಕು. ಪಕ್ಕದ ತೋಟದವರು ಇದೇ ಒಲೆ ತಮಗೂ ಬೇಕು ಎಂದಿದ್ದಾರೆ. ಅವರ ಹುಳು ಮನೆಯ ಪೂರ್ವದ ಗೋಡೆಗೆ ಟ್ರಾಕ್ಟರ್ ನಿಲ್ಲಿಸುವ ಶೆಡ್ಡು ಅಂಟಿಕೊಂಡಿದೆ. ಒಲೆಯ ಬಾಯಿಯನ್ನು ಪಶ್ಚಿಮಕ್ಕೆ ತಿರುಗಿಸುವುದೋ, ಟ್ರಾಕ್ಟರ್ ಶೆಡ್ಡನ್ನೇ ಕೀಳುವುದೋ ಎಂಬ ಮಾತು ನಡೆಯುತ್ತಿದೆ. ನಾನು ಶೆಡ್ಡು ಕೀಳಿ ಎನ್ನುವ ಪಕ್ಷ.